ಹಳೆಯ ತೂತುಗಳಲ್ಲೇ ಹೊಸ ಹೊಲಿಗೆ

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಕುಷನ್ ಅಂಗಡಿಗಳಲ್ಲಿ ಚರ್ಮದ ಸೀಟು ಕಾಣಸಿಗುವುದೇ ಅಪರೂಪ. ಅಲ್ಲಿ ನಡೆಯುತ್ತಿದ್ದದ್ದೆಲ್ಲ ರೆಕ್ಸಿನ್ನಿನ ವ್ಯಾಪಾರ. ಅಂಬಾಸಿಡರ್ ಬರಲಿ, ಪ್ರೀಮಿಯರ್ ಪದ್ಮಿನಿ ಬರಲಿ, ಆಗಷ್ಟೇ ರಸ್ತೆ ತುಂಬತೊಡಗಿದ್ದ ಮಾರುತಿ 800 ಬರಲಿ, ಹಳೆಯ ಹೊದಿಕೆ ಕಿತ್ತು ಬಿಸಾಕಿ ಹೊಸದನ್ನು ಬಿಗಿದು ಕಳಿಸುವುದೇ ಕೆಲಸ. ಬೆಳಿಗ್ಗೆ ತಂದುಬಿಟ್ಟ ಕಾರನ್ನು ಸಂಜೆ ಒಯ್ಯಬಹುದಿತ್ತು. ಕಿತ್ತ ಹೊದಿಕೆ ಗುಜರಿಗೆ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಡ್ರೈವರನ ಮಗ ಅಂಥದೊಂದು ಅಂಗಡಿಗೆ ಕೆಲಸ ಕಲಿಯಲು ಸೇರಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ. ಈಗ ಅವರಿಗೆ ಬೆಂಗಳೂರಿನಲ್ಲೇ ಸ್ವಂತ ವರ್ಕ್‌ಶಾಪ್ ಇದೆ. ಕಾರಿನೊಳಗಿನ ಚರ್ಮದ ಆರೈಕೆ ಮತ್ತು ದುರಸ್ತಿ ಬಿಟ್ಟು ಬೇರೆ ಕೆಲಸ ಅವರು ಹಿಡಿಯುವುದಿಲ್ಲ. ಆ ದಿನಗಳ ಮಾತು ಬಂದರೆ ಮೊದಲು ಬರುವುದು ಅಂಗಡಿಯ ಉಸ್ತಾದರ ಹೆಸರು. ಶಿವಾಜಿನಗರದ ಆ ಹಿರಿಯರು ಹುಡುಗರಾಗಿದ್ದಾಗ ದಂಡಿನ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಇಂಗ್ಲಿಷ್ ಕಾರುಗಳ ಸೀಟು ಹೊಲಿದು ಪಳಗಿದವರು. ರೆಕ್ಸಿನ್ನಿನ ಕಾಲದಲ್ಲೂ ಚರ್ಮ ಕಂಡರೆ ಕೈಲಿದ್ದ ಕತ್ತರಿ ಕೆಳಗಿಡುತ್ತಿದ್ದರು.

ಮೊದಮೊದಲು ಹುಡುಗನಿಗೆ ಕೊಟ್ಟಿದ್ದು ಹೊಲಿಗೆ ಬಿಚ್ಚುವ ಕೆಲಸ. ಸೀಟಿನ ಹೊದಿಕೆಯನ್ನು ಚೌಕಟ್ಟಿಗೆ ಬಿಗಿದ ಕಬ್ಬಿಣದ ರಿಂಗುಗಳನ್ನು ಇಕ್ಕಳದಿಂದ ತಿರುಚಿ ತೆಗೆಯಬೇಕು, ನೂಲನ್ನು ಬ್ಲೇಡಿನ ತುದಿಯಿಂದ ಒಂದೊಂದಾಗಿ ಕತ್ತರಿಸಬೇಕು. ರೆಕ್ಸಿನ್ ಆದರೆ ಹರಿದರೂ ಚಿಂತೆಯಿಲ್ಲ. ಚರ್ಮವಾದರೆ ಉಸ್ತಾದರ ಕಣ್ಣು ಹುಡುಗನ ಬೆರಳ ಮೇಲೆಯೇ ಇರುತ್ತಿತ್ತು. “ನೋಡ್ಕೊಂಡ್ ಬಿಚ್ಚು ಬೇಟಾ. ನೂಲು ಹೋದ್ರೆ ಬೇರೆ ಸಿಗುತ್ತೆ, ತೂತು ಹೋದ್ರೆ ಸಿಗಲ್ಲ” ಅನ್ನುತ್ತಿದ್ದರು. ಅದರ ಅರ್ಥ ಹುಡುಗನಿಗೆ ಆದದ್ದು ಜಾಗ್ವಾರ್ ಬಂದ ಮೇಲೆ.

ಅದು ತೋಟದ ಗೌಡರ ತಂದೆಯ ಕಾಲದ ಜಾಗ್ವಾರ್ ಮಾರ್ಕ್ ಫೈವ್. ಜಾಗ್ವಾರ್ ಕಂಪನಿ 1948ರಿಂದ 1951ರವರೆಗೆ ಮಾತ್ರ ತಯಾರಿಸಿದ ಮಾದರಿ. ಹುಡುಗನ ಅಪ್ಪ ಅದನ್ನು ಬಹುಕಾಲ ಓಡಿಸಿದ್ದರು. ಅದು ಓಡುವುದು ನಿಂತ ಮೇಲೂ ಷೆಡ್ಡಿನಲ್ಲಿ ಒರೆಸಿಡುತ್ತಿದ್ದರು. ಗೌಡರಿಗೆ ಮಗಳ ಮದುವೆಗೆ ಕಾರು ಹೊರಡಿಸುವ ಮನಸ್ಸಾಯಿತು. ಎಂಜಿನ್ ಕೆಲಸ ಒಂದು ಕಡೆ ನಡೆದಿತ್ತು. ಸೀಟುಗಳು ಮಾತ್ರ ಗೋಣಿ ಸುತ್ತಿಕೊಂಡು ಪಿಕಪ್‌ನಲ್ಲಿ ಜೆ.ಸಿ. ರಸ್ತೆಗೆ ಬಂದವು, ಜೊತೆಗೆ ಅಪ್ಪನೂ ಬಂದರು. “ಗೌಡ್ರು ಹೇಳಿದಾರೆ, ಒಳ್ಳೆ ಕೆಂಪು ರೆಕ್ಸಿನ್ ಹಾಕಿಬಿಡಿ.”

ಗೋಣಿ ಬಿಚ್ಚಿದಾಗ ಕಂಡ ಸ್ಥಿತಿಯನ್ನು ಅವರು ಇಂದಿಗೂ ಇಂಚಿಂಚಾಗಿ ಹೇಳಬಲ್ಲರು. ಗಾಢ ಕೆಂಪು ಬಣ್ಣದ ಮೇಲೆ ಮಲೆನಾಡಿನ ಹಲವು ಮಳೆಗಾಲಗಳ ಬೂಷ್ಟು, ಬೆಳ್ಳಗೆ, ನೆರಿಗೆಗಳ ಸಂದಿಯಲ್ಲಿ ದಪ್ಪವಾಗಿ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಹತ್ತಿ ಇಳಿದು ಸವೆದು, ಬಣ್ಣ ಹೋಗಿ ಒಳಗಿನ ನಾರು ಕಾಣುತ್ತಿತ್ತು. ಹಿಂದಿನ ಸೀಟಿನ ಬೆನ್ನಿನಲ್ಲಿ ಗೇಣುದ್ದದ ಸೀಳು. ಇಲಿ ಒಂದು ಮೂಲೆಯಲ್ಲಿ ಗೂಡು ಕಟ್ಟಿ ಹೋಗಿತ್ತು. ಮುಟ್ಟಿದರೆ ಬೆರಳಿಗೆ ಅಂಟು. ಉಸ್ತಾದರು ಹೆಬ್ಬೆರಳ ಉಗುರಿನಿಂದ ಅಲ್ಲಲ್ಲಿ ಒತ್ತಿ ನೋಡಿದರು, ಬಿರುಕಿದ್ದ ಕಡೆ ಚರ್ಮವನ್ನು ಮಡಿಸಿ ಬೆಳಕಿಗೆ ಹಿಡಿದರು. ಬಹಳಷ್ಟು ಬಿರುಕು ಬಣ್ಣದ ಪದರದ್ದು. ಚರ್ಮದ ಮೈ ಕೆಲವೇ ಕಡೆ ಒಡೆದಿತ್ತು. “ಇದಕ್ಕೆ ರೆಕ್ಸಿನ್ ಹಾಕಲ್ಲ ನಾನು. ಬೇರೆಯವರ ಹತ್ರ ಹಾಕಿಸ್ಕೊಳ್ಳಿ” ಎಂದರು. ಅಪ್ಪನ ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ ಸಮಾಧಾನ ಕಂಡಿತಂತೆ. ಟ್ರಂಕ್ ಕಾಲ್ ಹೋಯಿತು, ಗೌಡರು ಒಪ್ಪಿದರು.

ಆ ಕಾಲದ ಜಾಗ್ವಾರ್‌ಗಳ ಸೀಟಿಗೆ ಬಳಸುತ್ತಿದ್ದದ್ದು ಲಂಡನ್ನಿನ ಕೊನೊಲಿ ಮನೆತನದ ವಾಮೋಲ್ ಚರ್ಮ. 1878ರಲ್ಲಿ ಇಬ್ಬರು ಸೋದರರು ಶುರುಮಾಡಿದ ಕಸುಬು ಅದು. ಪಾದರಕ್ಷೆ, ಕುದುರೆಯ ಜೀನು, ಸಾರೋಟಿನ ಮೆತ್ತೆ ಎಂದು ಸಾಗಿ, ಮೋಟಾರು ಬಂದಾಗ ಸಹಜವಾಗಿ ಅದರೊಳಕ್ಕೂ ಹೊಕ್ಕಿತು. ರೋಲ್ಸ್‌ರಾಯ್ಸ್, ಬೆಂಟ್ಲಿ, ಆಸ್ಟನ್ ಮಾರ್ಟಿನ್, ಫೆರಾರಿ, ಎಲ್ಲದರೊಳಗೂ ಅವರದೇ ಚರ್ಮ; ಬ್ರಿಟಿಷ್ ಪಾರ್ಲಿಮೆಂಟಿನ ಬೆಂಚುಗಳ ಮೇಲೂ ಅದೇ. ವಿಂಬಲ್ಡನ್‌ನಲ್ಲಿ ಅವರ ಹದಗಾರಿಕೆಯ ಕಾರ್ಖಾನೆಯಿತ್ತು. 2002ರಲ್ಲಿ ಅವರ ಚರ್ಮದ ತಯಾರಿಕೆ ನಿಂತುಹೋಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಚರ್ಮವೆಂದರೆ ಶ್ರೀಮಂತಿಕೆ ಎಂಬ ಭಾವನೆ ಮೋಟಾರಿನ ಆರಂಭದ ಕಾಲದಲ್ಲಿ ಇರಲಿಲ್ಲ. ಸಾಹುಕಾರರ ದೊಡ್ಡ ಕಾರುಗಳಲ್ಲಿ ಗಾಳಿ ಮಳೆಗೆ ಮೈಯೊಡ್ಡಿ ಕೂರುವ ಡ್ರೈವರನಿಗೆ ಚರ್ಮದ ಸೀಟು. ಹಿಂದೆ ಗಾಜಿನೊಳಗೆ ಕೂರುವ ಒಡೆಯನಿಗೆ ನಯವಾದ ಉಣ್ಣೆಬಟ್ಟೆಯ ಸೀಟು. ಚರ್ಮ ಬಾಳಿಕೆ ಬರುತ್ತದೆ, ಒರೆಸಿದರೆ ಶುದ್ಧವಾಗುತ್ತದೆ ಎಂಬುದೇ ಅದರ ಗುಣವಾಗಿತ್ತು. ಜಪಾನಿನ ಟೊಯೊಟಾ ಸೆಂಚುರಿಯಲ್ಲಿ ಇವತ್ತಿಗೂ ಉಣ್ಣೆಯ ಸೀಟು ಸಿಗುತ್ತದೆ.

ಚರ್ಮ ಬಾಳುವುದು ಹದದಿಂದ. ಹಸಿ ತೊಗಲಿನಲ್ಲಿರುವ ಕೊಲಾಜೆನ್ ಎಂಬ ನಾರು ಒದ್ದೆಯಿರುವಾಗ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮುದುಡಿಹೋಗುತ್ತದೆ. ಮರದ ತೊಗಟೆಯ ಒಗರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆಸಿದರೆ ಅದು ಎಪ್ಪತ್ತು ಎಂಬತ್ತು ಡಿಗ್ರಿಯವರೆಗೂ ತಡೆಯುತ್ತದೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಕುದಿಯುವ ನೀರಿಗೂ ಬಗ್ಗುವುದಿಲ್ಲ, ಅದೂ ದಿನದೊಪ್ಪತ್ತಿನ ಕೆಲಸ. ಅಮೆರಿಕದ ಆಗಸ್ಟಸ್ ಷುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ ಮೇಲೆ ಹರಡಿದ ಈ ವಿಧಾನವನ್ನು 20ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಪ್ರಯೋಗಿಸಿ ನೆಲೆಗೊಳಿಸಿದವರು ಆಲ್‌ಫ್ರೆಡ್ ಚಾಟರ್ಟನ್. ಮುಂದೆ ಅವರೇ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದರು. ಅದಕ್ಕೂ ಬಹಳ ಮುಂಚಿನಿಂದ ದಕ್ಷಿಣದ ಹಳ್ಳಿಗಳಲ್ಲಿ ತಂಗಡಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಮದ್ರಾಸಿನ ಬಂದರಿನಿಂದ ಲಂಡನ್ನಿನ ಮಾರುಕಟ್ಟೆಗೆ ಹೋಗುತ್ತಿತ್ತು, ಹೆಚ್ಚಾಗಿ ಬೂಟು ಚೀಲಗಳ ಕೆಲಸಕ್ಕೆ. ಆ ಚರ್ಮ ಹದ ಮಾಡಿದ ಮಾದಿಗರ, ಸಮಗಾರರ ಕೈಯನ್ನು ಊರು ಮುಟ್ಟಲಿಲ್ಲ. ಅವರ ಕೈಯಿಂದ ಬಂದದ್ದನ್ನು ಮೆಟ್ಟಿತು, ಹೊತ್ತಿತು, ಅದರ ಮೇಲೆ ಕೂತಿತು. ಬೆಂಗಳೂರಿನ ಟ್ಯಾನರಿ ರಸ್ತೆಯ ಹೆಸರಿನಲ್ಲಿ ಆ ಕಸುಬಿನ ಗುರುತು ಉಳಿದಿದೆ. ಕಾರಿನ ಚರ್ಮದ ಬಗ್ಗೆ ಬರೆಯುವಾಗ ಈ ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಸೀಳಿದ ಬೆನ್ನಿಗೆ ಬೇಕಾದ ತುಂಡು ಚರ್ಮಕ್ಕಾಗಿ ಉಸ್ತಾದರು ಹುಡುಗನನ್ನು ಕರೆದುಕೊಂಡು ಹೋದದ್ದು ಟ್ಯಾನರಿ ರಸ್ತೆಗೇ. ಹಾಸಿಟ್ಟ ಹಾಳೆಗಳ ಮೇಲೆ ಪ್ರಾಣಿಯ ಬದುಕೇ ಬರೆದಿತ್ತು: ನೊಗದ ಗಾಯ, ಮುಳ್ಳಿನ ಗೀರು, ಉಣ್ಣಿ ಕಚ್ಚಿದ ಚುಕ್ಕೆ. ಯುರೋಪಿನ ದುಬಾರಿ ಕಾರು ಕಂಪನಿಗಳು ತಂಪು ಸೀಮೆಯ ಹೋರಿಗಳ ಚರ್ಮವನ್ನೇ ಹುಡುಕುವುದು ಇದಕ್ಕಾಗಿ. ಅಲ್ಲಿ ಕೀಟದ ಕಾಟ ಕಡಿಮೆ, ಹೋರಿಗೆ ಬಸುರಿನಿಂದ ಮೈ ಹಿಗ್ಗಿದ ಗೆರೆಗಳೂ ಇರುವುದಿಲ್ಲ. ಉಸ್ತಾದರು ಒಂದು ಹಾಳೆಯ ಅಂಚಿನಿಂದ ಬೆರಳಗಲದ ತುಂಡು ಕತ್ತರಿಸಿ, ಪಕ್ಕದ ಚಹಾದಂಗಡಿಯವನ ಕುದಿಯುವ ಬಿಸಿನೀರಿಗೆ ಹಾಕಿಸಿದರು. ತುಂಡು ಮುದುಡಲಿಲ್ಲ. “ಕ್ರೋಮ್ ಸರಿಯಾಗಿ ಕೂತಿದೆ, ತಗೊ.” ಟ್ಯಾನರಿಗಳಲ್ಲಿ ನಿತ್ಯ ಮಾಡುವ ಪರೀಕ್ಷೆಯೇ ಅದು.

ದುರಸ್ತಿ ಶುರುವಾದದ್ದು ಒಣಗಿಸುವುದರಿಂದ. ಬೂಷ್ಟು ಹಿಡಿದ ಸೀಟನ್ನು ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ಎಂದು ಹುಡುಗ ಎತ್ತಲು ಹೋದಾಗ ಉಸ್ತಾದರು ತಡೆದರು. ನೆರಳು, ಗಾಳಿ, ಅಷ್ಟೆ. ಒಣಗಿದ ಮೇಲೆ ಅಂಗಡಿಯಿಂದ ದೂರ ಒಯ್ದು ಮೃದುವಾದ ಬ್ರಷ್‌ನಿಂದ ಬೂಷ್ಟು ಉದುರಿಸಿದರು. ಒಳಗೇ ಉದುರಿಸಿದರೆ ಅದರ ಬೀಜಕಣಗಳು ಬೇರೆ ಸೀಟಿಗೆ ಹತ್ತುತ್ತವೆ. ಆಮೇಲೆ ಹಿಂಡಿದ ಬಟ್ಟೆ, ಸೌಮ್ಯವಾದ ಸೋಪಿನ ನೊರೆ. ನೀರಲ್ಲ, ನೊರೆ ಮಾತ್ರ. ಬಟ್ಟೆ ಕಪ್ಪಾದಂತೆಲ್ಲ ಬದಲಿಸುತ್ತ ನೆರಿಗೆ ನೆರಿಗೆಯ ಬುಡ ಒರೆಸಬೇಕು. ಬಟ್ಟೆಗೆ ಬಂದ ಕೊಳೆಯಲ್ಲಿ ಒಂದು ಜಿಡ್ಡಿತ್ತು, ಒಂದು ವಾಸನೆಯಿತ್ತು. ಉಸ್ತಾದರು ಮೂಸಿ ನೋಡಿದರು. ಹರಳೆಣ್ಣೆ.

ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಅಪ್ಪ ಆ ಸೀಟುಗಳಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಚಪ್ಪಲಿಗೆ, ಎತ್ತಿನ ಪಟ್ಟಿಗೆ ಎಣ್ಣೆ ಹಾಕಿ ಮೆತ್ತಗೆ ಮಾಡುವುದನ್ನು ಕಂಡವರು ಅವರು. ಕಾರಿನ ಸೀಟೂ ಚರ್ಮವೇ ತಾನೆ. ಅವರಿಗೆ ಆ ಕಾರಿನ ಮೇಲಿದ್ದ ಅಕ್ಕರೆಯೇ ಆ ಎಣ್ಣೆಯಲ್ಲಿತ್ತು. ಆದರೆ ಕಾರಿನ ಚರ್ಮದ ಮೇಲೆ ಬಣ್ಣದ ಪದರವಿರುತ್ತದೆ. ಎಣ್ಣೆ ಆ ಪದರ ದಾಟಿ ಒಳಗಿಳಿಯಲಾರದು. ಮೇಲೆಯೇ ನಿಂತು ಧೂಳು ಹಿಡಿಯುತ್ತದೆ, ಧೂಳು ಮರಳಿನ ಕಾಗದದ ಕೆಲಸ ಮಾಡುತ್ತದೆ. ಒಳಗಿಳಿಯಲು ಅದಕ್ಕೆ ಸಿಗುವ ದಾರಿ ಹೊಲಿಗೆಯ ತೂತು ಮತ್ತು ಬಿರುಕು. ಅಲ್ಲಿಂದ ಹೋಗಿ ಹತ್ತಿಯ ನೂಲನ್ನು, ಕೆಳಗಿನ ರಬ್ಬರ್ ಮೆತ್ತೆಯನ್ನು ಕೆಡಿಸುತ್ತದೆ. ಮಲೆನಾಡಿನ ತೇವದಲ್ಲಿ ಆ ಜಿಡ್ಡೇ ಬೂಷ್ಟಿಗೆ ಆಹಾರ. ಚರ್ಮಕ್ಕೆ ಬೇಕಾದ ಎಣ್ಣೆಯನ್ನು ಹದವಾದ ಕೂಡಲೇ, ಬಣ್ಣ ಹಚ್ಚುವ ಮೊದಲೇ, ತಿರುಗುವ ಪೀಪಾಯಿಯಲ್ಲಿ ನೀರಿನೊಂದಿಗೆ ಬೆರೆಸಿ ನಾರಿನೊಳಕ್ಕೆ ಉಣಿಸಿರುತ್ತಾರೆ. ಅಂದಿನ ನೈಟ್ರೊಸೆಲ್ಯುಲೋಸ್ ಬಣ್ಣದೊಳಗೂ, ಅದು ಸೆಡೆಯದೆ ಬಳುಕಲಿ ಎಂದು, ಹರಳೆಣ್ಣೆಯನ್ನೇ ಬೆರೆಸುತ್ತಿದ್ದರು. ತಯಾರಿಯಲ್ಲಿ ಅಳತೆಯಿಂದ ಸೇರಿದಾಗ ಚರ್ಮ ಉಳಿಸುವ ಎಣ್ಣೆ, ವರ್ಷಗಳ ನಂತರ ಮೇಲಿನಿಂದ ಸುರಿದಾಗ ಅದನ್ನೇ ತಿನ್ನುತ್ತದೆ. ಅಪ್ಪನಿಗೆ ಉಸ್ತಾದರು ಇದನ್ನು ಹೇಳಿದ ರೀತಿಯನ್ನು ಮಗ ಮರೆತಿಲ್ಲ. “ಅಣ್ಣಾ, ನೀವು ಒರೆಸಿಟ್ಟಿದ್ದಕ್ಕೇ ಇಷ್ಟಾದ್ರೂ ಉಳಿದಿದೆ. ಇನ್ಮೇಲೆ ಎಣ್ಣೆ ಬೇಡ, ಬರೀ ಬಟ್ಟೆ ಸಾಕು.”

ಸೀಳು ಮುಚ್ಚುವ ಕೆಲಸ ನೋಡಲು ಅಕ್ಕಪಕ್ಕದ ಅಂಗಡಿಯವರೂ ಬಂದರು. ಸೀಳಿನ ಬಾಯಿಯೊಳಗೆ ತೆಳ್ಳಗಿನ ಗಟ್ಟಿ ಬಟ್ಟೆಯ ತುಂಡನ್ನು ಚಿಮುಟದಿಂದ ತೂರಿಸಿ, ಕೆಳಗೆ ಸುಕ್ಕಿಲ್ಲದಂತೆ ಹರಡಿ, ಸೊಲ್ಯೂಷನ್ ಹಚ್ಚಿ, ಅಂಚಿಗೆ ಅಂಚು ಕೂಡಿಸಿ ಒತ್ತಿ ಹಿಡಿದರು. ಪೂರಾ ಹೋಗಿದ್ದ ಒಂದು ನೆರಿಗೆಯನ್ನು ಮಾತ್ರ ಹೊಸ ಚರ್ಮದಲ್ಲಿ ಕತ್ತರಿಸಿ ಕೂರಿಸಿದರು. ಕೊಳೆತ ಹೊಲಿಗೆಯನ್ನೆಲ್ಲ ತೆಗೆದು ಮತ್ತೆ ಹೊಲಿಯಬೇಕಿತ್ತು. ಆಗ ಹುಡುಗನಿಗೆ ತೂತಿನ ಮಾತು ಅರ್ಥವಾಯಿತು. ಬಟ್ಟೆಯಲ್ಲಿ ಸೂಜಿ ಎಳೆಗಳನ್ನು ಸರಿಸಿಕೊಂಡು ಹೋಗುತ್ತದೆ, ಚರ್ಮದಲ್ಲಿ ಕಡಿದುಕೊಂಡು ಹೋಗುತ್ತದೆ. ಆದ ತೂತು ಮತ್ತೆ ಮುಚ್ಚುವುದಿಲ್ಲ. ಹಳೆಯ ಸಾಲಿನ ಪಕ್ಕದಲ್ಲೇ ಮೆಷಿನ್ನಿನಲ್ಲಿ ಇನ್ನೊಂದು ಸಾಲು ಹೊಡೆದರೆ ಅಂಚೆಚೀಟಿಯ ಅಂಚಿನಂತೆ ಒಂದು ದಿನ ಹರಿದು ಬೇರೆಯಾಗುತ್ತದೆ. ಹಾಗಾಗಿ ಮೆಷಿನ್ ಬದಿಗಿಟ್ಟು, ಇಂಗ್ಲೆಂಡಿನಲ್ಲಿ ಯಾರೋ ಹೊಡೆದಿದ್ದ ತೂತುಗಳಲ್ಲೇ ಒಂದೊಂದಾಗಿ ಬಾಗಿದ ಸೂಜಿ ಹಾಯಿಸಿ, ಹೊಸ ನೈಲಾನ್ ನೂಲಿನಿಂದ ಕೈಹೊಲಿಗೆ ಹಾಕಿದರು. ಹುಡುಗ ದೀಪ ಹಿಡಿದು ಕೂತಿದ್ದ.

ಕೆಳಗಿನ ಮೆತ್ತೆ ಡನ್‌ಲಪ್ ಕಂಪನಿಯ ಲೇಟೆಕ್ಸ್ ನೊರೆಯದು. ಆ ಕಂಪನಿಯ ವಿಜ್ಞಾನಿ ಇ.ಎ. ಮರ್ಫಿ 1929ರಲ್ಲಿ ಅಡುಗೆಮನೆಯ ಮಿಕ್ಸರಿನಲ್ಲಿ ರಬ್ಬರ್ ಹಾಲು ಕಡೆದು ಮೊದಲು ತಯಾರಿಸಿದ ವಸ್ತು. ಇಲಿ ತಿಂದ ಮೂಲೆ ಬಿಟ್ಟರೆ ಬಳಸುವಂತಿತ್ತು. ಆ ಮೂಲೆಗೆ ರಬ್ಬರ್ ಹಾಕಿದ ತೆಂಗಿನ ನಾರು ತುಂಬಿದರು.

ಬಣ್ಣದ ಕೆಲಸ ಕೊನೆಯದು. ಸೀಟಿನ ಅಡಿಯ ಮಡಿಕೆಯಲ್ಲಿ, ಬಿಸಿಲು ತಾಗದ ಕಡೆ, ಮೂಲ ಕೆಂಪು ಹಾಗೇ ಇತ್ತು. ಮರೆಯಾದ ಜಾಗದಲ್ಲಿ ಥಿನ್ನರ್ ಅದ್ದಿದ ಹತ್ತಿ ಒತ್ತಿದಾಗ ಬಣ್ಣ ಬಿಟ್ಟುಕೊಂಡಿತು. ಹಳೆಯದು ಸೆಲ್ಯುಲೋಸ್ ಬಣ್ಣವೇ ಎಂಬುದು ಖಾತ್ರಿ. ಅದೇ ಜಾತಿಯ ಬಣ್ಣ ಕಲಸಿ, ಚರ್ಮದ ಚೂರಿಗೆ ಹಚ್ಚಿ, ಒಣಗಿಸಿ, ಮಡಿಸಿ ನೋಡಿ, ಮತ್ತೆ ಕಲಸಿ, ಸರಿಹೊಂದಿದ ಮೇಲೆ ಸವೆದ ಕಡೆಗಳಲ್ಲಷ್ಟೇ ತೆಳುವಾಗಿ ಸ್ಪ್ರೇ ಮಾಡಿದರು. ಹಿಂದಿನ ಸೀಟಿನ ನಡುಭಾಗಕ್ಕೆ ಬಣ್ಣ ತಾಗಿಸಲೇ ಇಲ್ಲ. ಗೌಡರು ಬಂದು ನೋಡಿ, “ಹೊಸದರ ಥರ ಹೊಳೀತಿಲ್ವಲ್ಲ” ಎಂದರು. “ಹೊಳೀಬಾರ್ದು ಸಾರ್” ಎಂದರು ಉಸ್ತಾದರು. ಮದುವೆಯ ದಿನ ಅಪ್ಪನೇ ಆ ಕಾರು ಓಡಿಸಿದರು.

1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಜೋಡಣೆ ಶುರುವಾಯಿತು. ಅದರ ಹಿಂದೆಯೇ ಸಾಫ್ಟ್‌ವೇರ್ ದುಡ್ಡಿನ ಕಾಲ ಬಂದು ಬೆಂಗಳೂರಿನಲ್ಲಿ ಚರ್ಮದ ಸೀಟು ಮತ್ತೆ ಕಾಣತೊಡಗಿತು. ಅಷ್ಟರಲ್ಲಿ ಉಸ್ತಾದರು ಇರಲಿಲ್ಲ. ಹುಡುಗ ಸ್ವಂತ ಜಾಗ ಹಿಡಿದಿದ್ದ, ಮತ್ತು ಎದುರಿಗಿದ್ದ ಚರ್ಮವೇ ಬೇರೆಯಾಗಿತ್ತು. ಈಗಿನ ಸೀಟಿನ ಚರ್ಮ ಒಂದು ಮಿಲಿಮೀಟರಿಗಿಂತ ತುಸು ದಪ್ಪ. ಮೇಲೆ ನೀರಿನಲ್ಲಿ ಕಲಸಿದ ಬಣ್ಣ, ಅದರ ಮೇಲೆ ಪಾಲಿಯುರೆಥೇನಿನ ತೆಳು ಪದರ. ಹಲವು ಕಾರುಗಳಲ್ಲಿ ಸೀಟಿನ ಮುಂಭಾಗ ಮಾತ್ರ ಚರ್ಮ, ಬದಿ ಮತ್ತು ಬೆನ್ನು ವಿನೈಲ್. ಕೈ ಆಡಿಸಿದರೆ ಗೊತ್ತಾಗದಷ್ಟು ಚೆನ್ನಾಗಿ ಹೊಂದಿಸಿರುತ್ತಾರೆ. ಇದರ ಮೇಲೆ ‘ಚರ್ಮಕ್ಕೆ ಪೋಷಣೆ’ ಎಂದು ಮಾರುವ ಕ್ರೀಮು ಹಚ್ಚುವವರು ಹಚ್ಚುತ್ತಿರುವುದು ಬಹುಮಟ್ಟಿಗೆ ಆ ಪ್ಲಾಸ್ಟಿಕ್ ಪದರಕ್ಕೆ. ತಮ್ಮ ವರ್ಕ್‌ಶಾಪಿನಲ್ಲಿ ಯಾವುದೇ ಸೀಟಿಗೆ ಏನಾದರೂ ಹಚ್ಚುವ ಮುನ್ನ ಅವರು ಮೂಲೆಯೊಂದರಲ್ಲಿ ಒಂದು ಹನಿ ನೀರು ಬಿಟ್ಟು ನೋಡುತ್ತಾರೆ. ಹನಿ ಹಾಗೇ ನಿಂತರೆ ಪದರವಿದೆ. ಹೀರಿಕೊಂಡು ಕಪ್ಪಾದರೆ ಪದರವಿಲ್ಲದ ಅನಿಲೀನ್ ಚರ್ಮ, ಅದಕ್ಕೆ ಬೇರೆಯೇ ನಾಜೂಕು ಬೇಕು.

ಕೆಡುವ ಬಗೆಯೂ ಬದಲಾಗಿದೆ. ಹೊಸ ಜೀನ್ಸಿನ ನೀಲಿ ತಿಳಿ ಬಣ್ಣದ ಸೀಟಿಗೆ ಹತ್ತುತ್ತದೆ, ಏಕೆಂದರೆ ಇಂಡಿಗೊ ಬಣ್ಣ ನೂಲಿನ ಹೊರಮೈಗೆ ಅಂಟಿಕೊಂಡಿರುತ್ತದೆಯೇ ಹೊರತು ಅದರೊಂದಿಗೆ ಬೆಸೆದಿರುವುದಿಲ್ಲ. ಅದನ್ನು ತೆಗೆಯಲು ಅಡುಗೆಮನೆಯ ಬಿಳಿ ಸ್ಪಂಜು ಹಿಡಿದು ಉಜ್ಜುವವರಿದ್ದಾರೆ. ಆ ಮೆಲಮೈನ್ ಸ್ಪಂಜು ಸವೆಸುತ್ತದೆ, ನೀಲಿಯ ಜೊತೆ ರಕ್ಷಣೆಯ ಪದರವೂ ಹೋಗುತ್ತದೆ. 2020ರಲ್ಲಿ ಕೊರೊನಾ ಬಂದ ಮೇಲೆ ಸ್ಟೇರಿಂಗಿನ ಕೆಲಸ ಎಂದೂ ಇಲ್ಲದಷ್ಟು ಬಂತು. ಕೈಗೆ ಸ್ಯಾನಿಟೈಸರ್ ಹಾಕಿಕೊಂಡು ಆರುವ ಮುನ್ನವೇ ಚಕ್ರ ಹಿಡಿದರೆ ಅದರ ಆಲ್ಕೋಹಾಲ್ ಪದರವನ್ನು ಮೆತ್ತಗೆ ಮಾಡುತ್ತದೆ. ಗಡಿಯಾರದಲ್ಲಿ ಹತ್ತು ಮತ್ತು ಎರಡು ಇರುವ ಕಡೆ, ಕೈ ಹಿಡಿಯುವ ಆ ಎರಡೇ ಜಾಗದಲ್ಲಿ ಹೊಳಪು ಹೋಗಿ ಬಣ್ಣ ಸುಲಿದ ಚಕ್ರಗಳು ಸಾಲುಗಟ್ಟಿದವು.

ಬಿಸಿಲಂತೂ ಹಳೆಯ ಶತ್ರು. ಅಮೆರಿಕದ ಅರಿಜೋನದಲ್ಲಿ ಬೇಸಗೆಯಲ್ಲಿ ಮಾಡಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಡ್ಯಾಷ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್‌ಗೆ, ಸೀಟುಗಳು 51ಕ್ಕೆ ಏರಿದ್ದವು. ಕಲಬುರಗಿ, ರಾಯಚೂರಿನಿಂದ ಬರುವ ಕಾರುಗಳಲ್ಲಿ ಡ್ಯಾಷ್‌ಬೋರ್ಡಿನ ಚರ್ಮ ಗಾಜಿನ ಕಡೆಯಿಂದ ಒಳಕ್ಕೆ ಸೆಳೆದುಕೊಂಡು, ಅಂಚಿನಲ್ಲಿ ಅಂಟು ಬಿಟ್ಟಿರುತ್ತದೆ. ಮಂಗಳೂರು, ಮಡಿಕೇರಿ ಕಡೆಯವುಗಳಲ್ಲಿ ಇದೇ ಚರ್ಮದ ಮೇಲೆ ಬೂಷ್ಟು. ಬಂದ ಊರಿನ ಹೆಸರು ಕೇಳುವ ಮುಂಚೆಯೇ ಸೀಟು ನೋಡಿ ಹೇಳುತ್ತಾರೆ.

ಕೇಳಿದವರಿಗೆ ಅವರು ಕೊಡುವ ಸಲಹೆ ಮಾರುವ ಸರಕೇ ಇಲ್ಲದಂಥದ್ದು. ನೆರಳಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಗಾಜಿಗೆ ಪರದೆ ಹಾಕಿ. ವಾರಕ್ಕೊಮ್ಮೆ ವ್ಯಾಕ್ಯೂಮ್ ಹಿಡಿದು ನೆರಿಗೆಯ ಮಣ್ಣು ತೆಗೆದು, ಹಿಂಡಿದ ಬಟ್ಟೆಯಿಂದ ಒರೆಸಿ. ಬಟ್ಟೆ ಒಗೆಯುವ ಪುಡಿ, ಪಾತ್ರೆ ಸೋಪು ಬೇಡ; ಚರ್ಮ ಸ್ವಲ್ಪ ಆಮ್ಲ ಗುಣದ್ದು, ಕ್ಷಾರ ಅದಕ್ಕೆ ಒಗ್ಗದು. ಮಳೆಗಾಲದಲ್ಲಿ ಮಳೆ ಬಿಡುವು ಕೊಟ್ಟ ದಿನ ಬಾಗಿಲು ತೆರೆದಿಡಿ. ಹಿಂದಿನ ಜೇಬಿನಲ್ಲಿ ಕೀಲಿಗೊಂಚಲು ಇಟ್ಟುಕೊಂಡು ಕೂರಬೇಡಿ. ಇನ್ನೊಂದನ್ನು ಮಾತ್ರ ಅವರು ದನಿ ಏರಿಸಿ ಹೇಳುತ್ತಾರೆ: ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ದಾರಿಬದಿಯಲ್ಲಿ ಕವರ್ ಹೊಲಿಸಬೇಡಿ. ಅಪಘಾತದಲ್ಲಿ ಚೀಲ ಹೊರಬರಲು ಅಲ್ಲೊಂದು ಹೊಲಿಗೆ ಬೇಕೆಂದೇ ಹರಿಯುವ ನೂಲಿನಲ್ಲಿರುತ್ತದೆ. ಅದನ್ನು ಗಟ್ಟಿ ನೂಲಿನಲ್ಲಿ ಹೊಲಿದರೆ, ಮೇಲೆ ದಪ್ಪ ರೆಕ್ಸಿನ್ ಬಿಗಿದರೆ ಚೀಲ ಒಳಗೇ ಸಿಕ್ಕಿಕೊಳ್ಳಬಹುದು.

ಹಳೆಯ ಕಾರು ಇರುವವರೊಂದಿಗೆ ಅವರ ವಾದ ಬೇರೆ ರೀತಿಯದು. ಧರ್ಮಸ್ಥಳದ ಕಾರು ಸಂಗ್ರಹವನ್ನೋ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನೋ ನೋಡಿ ಬಂದವರು ಎಲ್ಲವನ್ನೂ ಹೊಸದಾಗಿ ಹೊದಿಸಲು ಕೇಳುತ್ತಾರೆ. ಇವರು ಬೇಗ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನ ಹೆಸರಾಂತ ಪ್ರದರ್ಶನದಲ್ಲಿ ದುರಸ್ತಿ ಕಾಣದೆ ಮೂಲದಂತೆಯೇ ಉಳಿದ ಕಾರುಗಳಿಗೆಂದೇ ಪ್ರತ್ಯೇಕ ವಿಭಾಗವಿರುವುದನ್ನು ಹೇಳುತ್ತಾರೆ. ಸುಕ್ಕು, ತೆಳುವಾದ ಬಣ್ಣ, ಕೂತು ಕೂತು ಆದ ತಗ್ಗು, ಇವನ್ನು ಮತ್ತೆ ಯಾರೂ ತಯಾರಿಸಿ ಕೊಡಲಾರರು. ಪೂರಾ ಹೊದಿಕೆ ಬದಲಿಸಿದರೆ ಬರುವ ಹಣ ಹೆಚ್ಚು. ಆದರೂ ಚರ್ಮ ತಡೆಯುವಂತಿದ್ದರೆ ಹಳೆಯದನ್ನೇ ಉಳಿಸುವ ಕಡೆಗೆ ಗಿರಾಕಿಯನ್ನು ಎಳೆಯುತ್ತಾರೆ. ಇದು ಸರಿಯಾದ ಹಟ ಎಂದು ಈ ಬರಹಗಾರನಿಗೂ ಅನ್ನಿಸುತ್ತದೆ.

ಈಗ ಅವರ ಬಳಿ ಕಲಿಯುತ್ತಿರುವ ಹುಡುಗ ಹುಡುಗಿಯರು ಮೊದಲು ಕಲಿಯುವುದೂ ಹೊಲಿಗೆ ಬಿಚ್ಚುವುದನ್ನೇ. ಬಿಚ್ಚಿದ ಪ್ರತಿ ಸೀಟಿನ ಅಡಿಯಿಂದ ಮೂಲ ಬಣ್ಣದ ಒಂದು ಚೂರು ತೆಗೆದು, ಬಳಸಿದ ಬಣ್ಣ ಯಾವುದು, ಅಂಟು ಯಾವುದು, ಯಾವ ತುಂಡು ಹೊಸದು, ಯಾವುದು ಹಳೆಯದು ಎಂದು ಕನ್ನಡದಲ್ಲಿ ಚೀಟಿ ಬರೆದು, ಎರಡನ್ನೂ ಲಕೋಟೆಯಲ್ಲಿ ಹಾಕಿ ಸೀಟಿನ ಚೌಕಟ್ಟಿನೊಳಗೆ ಕಟ್ಟಿ ಮುಚ್ಚುತ್ತಾರೆ. ಮೂವತ್ತು ವರ್ಷದ ನಂತರ ಅದೇ ಸೀಟು ಬಿಚ್ಚುವವರಿಗೆ ಬಣ್ಣ ಕಲಸುವ ಮುಂಚೆ ಆ ಚೂರು ಬೇಕಾಗುತ್ತದೆ.